ಎಲ್ಲರೂ ಗೋಕುಲಂ ಗೋಕುಲಂ ಅಂತಾರಲ್ಲ, ಅಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ನಮ್ಮ ಯಜಮಾನರು ಮುಂದಿನ ವರ್ಷ ರಿಟೈರ್ ಆಗುತ್ತಾರೆ, ಆಮೇಲೆ ಮೈಸೂರಿಗೆ ಬಂದುಬಿಡೋಣ ಅಂತಿದ್ದೇವೆ. ಯಾರನ್ನು ಕೇಳಿದರೂ ಗೋಕುಲಂ ನೋಡಿ ಅಂತಾರೆ. ಬಾಡಿಗೆ ವಿಚಾರಿಸಿದರೆ ಎದೆ ಧಸಕ್ ಅನ್ನುತ್ತೆ. ಅಷ್ಟು ಕೊಡುವಂಥದ್ದು ಅಲ್ಲೇನಿದೆ?

ಉತ್ತರ: ಒಂದು ದಿನ ಮಧ್ಯಾಹ್ನ ಎರಡೂವರೆಗೆ ಗೋಕುಲಂ ಮೂರನೇ ಸ್ಟೇಜಿನ ಯಾವುದಾದರೂ ಒಳಗಿನ ಕ್ರಾಸ್‌ನಲ್ಲಿ ಐದು ನಿಮಿಷ ನಿಂತು ನೋಡಿ. ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತೆ. ಕಾಂಪೌಂಡಿನ ಮೇಲೆ ಬೆಕ್ಕು ಮಲಗಿರುತ್ತೆ. ಹತ್ತು ನಿಮಿಷಕ್ಕೊಂದು ಸ್ಕೂಟರ್ ಹೋದರೆ ಹೆಚ್ಚು. ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಆಟೋದಲ್ಲಿ ಸ್ವಲ್ಪವೇ ದೂರ. ಊರಾಚೆ ಹೊಸ ಲೇಔಟುಗಳಲ್ಲೂ ಸದ್ದಿಲ್ಲ, ನಿಜ, ಆದರೆ ಅಲ್ಲಿ ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಗಾಡಿ ತೆಗೆಯಬೇಕು. ಊರಿನ ಒಳಗೇ ಇದ್ದುಕೊಂಡು ಇಷ್ಟು ನೆಮ್ಮದಿಯಾಗಿರೋದು, ಅದಕ್ಕೇ ಜನ ದುಡ್ಡು ಕೊಡುತ್ತಿರೋದು.

ಇದು ಹೇಗೆ ಉಳಿಯಿತು ಅಂದರೆ, ಮುಖ್ಯ ಕಾರಣ ರಸ್ತೆಗಳು. ಕನ್ನಂಬಾಡಿ ಕಡೆಗೆ ಹೋಗುವವರು ಕೆಆರ್‌ಎಸ್ ರೋಡ್ ಹಿಡಿಯುತ್ತಾರೆ, ಮಡಿಕೇರಿ ಕಡೆಗೆ ಹೋಗುವವರು ಹುಣಸೂರು ರೋಡ್ ಹಿಡಿಯುತ್ತಾರೆ. ನಡುವೆ ಇರುವ ಗೋಕುಲಂ ಒಳಗೆ ನುಗ್ಗುವ ಅಗತ್ಯ ಯಾರಿಗೂ ಇಲ್ಲ. ಅಂಗಡಿ, ಹೋಟೆಲು, ಬೇಕರಿಗಳೂ ಹೆಚ್ಚಾಗಿ ಕಾಂಟೂರ್ ರೋಡಿನ ಆಸುಪಾಸಿನಲ್ಲೇ ಇವೆ. ಒಳಗಿನ ಕ್ರಾಸುಗಳು ಮನೆಯವರಿಗೇ ಉಳಿದಿವೆ. ತರಕಾರಿಗೆ, ದೇವಸ್ಥಾನಕ್ಕೆ ಪಕ್ಕದಲ್ಲೇ ಒಂಟಿಕೊಪ್ಪಲು. ಕೆಆರ್‌ಎಸ್ ರೋಡಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ನಿಮ್ಮ ವಯಸ್ಸಿನವರಿಗೆ ಇದು ದೊಡ್ಡ ಧೈರ್ಯ. ಅದು ಇರುವ ಜಾಗ ಹಿಂದಿನಿಂದ ಕ್ಷಯರೋಗಿಗಳ ಸ್ಯಾನಟೋರಿಯಂ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಆ ಕಾಲದಲ್ಲಿ ಕ್ಷಯಕ್ಕೆ ಒಳ್ಳೆಯ ಗಾಳಿಯೇ ಔಷಧಿ, ಹಾಗಾಗಿ ಈ ದಿಕ್ಕಿನ ಗಾಳಿಯನ್ನು ನಮ್ಮ ಹಿರಿಯರು ಆಗಲೇ ಮೆಚ್ಚಿದ್ದರು ಅನ್ನಬಹುದು, ಅಲ್ವಾ?

ಬಾಡಿಗೆ ಏರಿದ ಕಥೆ ಬೇರೆ. ಅಷ್ಟಾಂಗ ಯೋಗದ ಪಟ್ಟಾಭಿ ಜೋಯಿಸರು ಮೊದಲು ಲಕ್ಷ್ಮೀಪುರಂನ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಹೊರದೇಶದ ಶಿಷ್ಯರು ಹೆಚ್ಚಾಗಿ ಆ ಸಣ್ಣ ಹಾಲ್ ಸಾಲದೆ ಹೋದಾಗ, 2002ರಲ್ಲಿ ಗೋಕುಲಂಗೆ ಬಂದರು. 2009ರಲ್ಲಿ ಅವರು ತೀರಿಕೊಂಡರೂ ಶಿಷ್ಯರು ಬರೋದು ನಿಲ್ಲಲಿಲ್ಲ. ಬೆಳಗಿನ ಜಾವ ಕತ್ತಲಿರುವಾಗಲೇ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಮುಗಿಸಿಕೊಂಡು ಬಂದವರು ಎಳನೀರಿನವರ ಹತ್ತಿರ ನಿಲ್ಲುತ್ತಾರೆ. ಮೊನ್ನೆ ಒಬ್ಬ ಹುಡುಗಿ ನೀರು ಕುಡಿದು ಬುರುಡೆ ವಾಪಸ್ ಕೊಟ್ಟು "ಗಂಜಿ" ಅಂದಳು. ಅವರು ಮಚ್ಚಿನಿಂದ ಅದನ್ನು ಎರಡು ಹೋಳು ಮಾಡಿ, ಪಕ್ಕದಿಂದ ಒಂದು ಚೂರು ಸೀಳಿ ಚಮಚದ ಹಾಗೆ ಕೈಗಿಟ್ಟರು. ಈ ನೋಟ ನನಗೆ ಇವತ್ತಿಗೂ ಇಷ್ಟ. ಆದರೆ ಅವರೆಲ್ಲ ಒಂದೆರಡು ತಿಂಗಳಿಗೆ ಮಂಚ, ಗ್ಯಾಸ್ ಸಮೇತ ಮನೆ ಹಿಡಿಯುವವರು. ಮಹಡಿ ಇದ್ದವರು ಅವರಿಗೇ ಕೊಡತೊಡಗಿದರು, ಸಂಸಾರಸ್ಥರಿಗೆ ಮನೆ ಸಿಗೋದು ಕಷ್ಟವಾಯಿತು. ಆಮೇಲೆ ಮನೆಯಿಂದಲೇ ಕೆಲಸ ಮಾಡುವ ಬೆಂಗಳೂರಿನವರು ಬಂದರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಇನ್ನೂ ಜಾಸ್ತಿ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ಇದು ನನಗೆ ಸಂಕಟದ ವಿಷಯ. ಬೇಡಿಕೆ ಹೆಚ್ಚಾದಷ್ಟೂ ಈ ನೆಮ್ಮದಿ ಸವೆಯುತ್ತಿದೆ. ನಮ್ಮ ಕ್ರಾಸ್‌ನಲ್ಲಿ ಹೆಂಚಿನ ಮನೆಯೊಂದು ಬಿತ್ತು, ಹಿತ್ತಿಲಲ್ಲಿದ್ದ ಹಲಸಿನ ಮರವೂ ಹೋಯಿತು. ಈಗ ಅಲ್ಲಿ ನಾಲ್ಕು ಮನೆ, ಬೀದಿಯಲ್ಲಿ ಆರು ಕಾರು. ಹಾಗಾಗಿ ಗೋಕುಲಂ ಅನ್ನೋ ಹೆಸರಿಗೆ ದುಡ್ಡು ಸುರಿಯಬೇಡಿ, ಕ್ರಾಸ್ ನೋಡಿ ಮನೆ ಹಿಡಿಯಿರಿ. ಒಂದು ಕ್ರಾಸ್‌ಗೂ ಪಕ್ಕದ್ದಕ್ಕೂ ಅಜಗಜಾಂತರ ಇರುತ್ತೆ. ಅಕ್ಕಪಕ್ಕ ಹಳೇ ಮನೆ ಖಾಲಿ ಬಿದ್ದಿದ್ದರೆ ಇನ್ನೆರಡು ವರ್ಷ ಕಟ್ಟಡದ ಧೂಳು, ಸದ್ದು ಗ್ಯಾರಂಟಿ ಅಂತ ತಿಳಿದುಕೊಳ್ಳಿ. ಕೆಳಗಿನ ಮನೆಯಲ್ಲಿ ಕೆಫೆ ಶುರುವಾಗುವ ಮಾತಿದೆಯಾ ಅಂತಲೂ ಕೇಳಿ. ಜಯಲಕ್ಷ್ಮೀಪುರಂ, ಯಾದವಗಿರಿ ಎರಡನ್ನೂ ಅದೇ ದಿನ ನೋಡಿಕೊಂಡು ಬನ್ನಿ. ಕುವೆಂಪು ಅವರ ಉದಯರವಿ ಇರೋದು ಜಯಲಕ್ಷ್ಮೀಪುರಂನಲ್ಲೇ, ಅಲ್ಲಿಯ ಬೀದಿಗಳೂ ಓಡಾಡೋಕೆ ಹಿತವಾಗಿವೆ.

ಕೊಳ್ಳುವ ಆತುರ ಬೇಡ. ಮೊದಲು ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಕೊಂಡು ಬಾಡಿಗೆಗಿರಿ. ಮನೆ ನೋಡೋಕೆ ಬ್ರೋಕರ್ ಹೇಳಿದ ಹೊತ್ತಿಗೆ ಮಾತ್ರ ಹೋಗಬೇಡಿ. ಯೋಗದವರು ತುಂಬಿರುವ ಚಳಿಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಬನ್ನಿ. ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಅದೇ ಬೀದಿಯಲ್ಲಿ ನಡೆಯಿರಿ. ಗೇಟಿನ ಮುಂದೆ ರಂಗೋಲಿ ಹಾಕುತ್ತಿರುವವರು ಸಿಕ್ಕರೆ ಮಾತಾಡಿಸಿ, ಕಾವೇರಿ ನೀರು ಎಷ್ಟು ಹೊತ್ತಿಗೆ ಬರುತ್ತೆ, ಬೇಸಿಗೆಯಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಅಂತ ಕೇಳಿಕೊಳ್ಳಿ.