ನೀರು ಕುಡಿದರೆ ಒಂದಕ್ಕೆ ಎಲ್ಲಿಗೆ ಹೋಗಬೇಕು?

ಶಿವರಾತ್ರಿ ಮುಗಿದು ಬಿಸಿಲು ಚುರುಕಾಗುತ್ತಿದ್ದಂತೆ ನನಗೆ ಫೋನ್ ಬರುತ್ತದೆ. ‘ಮೇಡಂ, ನಮ್ಮ ಪೌರಕಾರ್ಮಿಕರಿಗೆ ಒಂದು ಹೆಲ್ತ್ ಕ್ಯಾಂಪ್ ಮಾಡಬೇಕು. ಬಿಪಿ, ಶುಗರ್ ನೋಡಿ. ಹಾಗೇ ನೀರು ಜಾಸ್ತಿ ಕುಡೀರಿ ಅಂತ ಒಂದೆರಡು ಮಾತು ಹೇಳಿ.’ ರಾಯಚೂರು ಜಿಲ್ಲೆಯಲ್ಲಿ ವೈದ್ಯೆಯಾಗಿ ದುಡಿಯುವ ನಾನು ಈ ಮಾತನ್ನು ಎಷ್ಟು ಶಾಮಿಯಾನದ ಕೆಳಗೆ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳಲು ಬಾಯಿ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಕಸ ಗುಡಿಸುವ ಹೆಣ್ಣುಮಗಳೊಬ್ಬರು ಒಂದೇ ಬೇಸಿಗೆಯಲ್ಲಿ ಮೂರನೇ ಸಲ ಉರಿಮೂತ್ರ ಅಂತ ಬಂದರು. ನಲವತ್ತೈದರ ಆಸುಪಾಸು. ಎರಡು ಸಲವೂ ಆ್ಯಂಟಿಬಯಾಟಿಕ್ ಕೊಟ್ಟಿದ್ದೆ, ನೀರು ಕುಡಿಯಿರಿ ಅಂತ ಹೇಳಿದ್ದೆ. ಈ ಸಲ ಬೈದೆ. ಆಕೆ ತಲೆ ತಗ್ಗಿಸಿ ಕೂತರು. ಪಕ್ಕದಲ್ಲಿದ್ದ ಚೀಲದಲ್ಲಿ ಕಚೇರಿಯಿಂದ ಕೊಟ್ಟ ಸ್ಟೀಲ್ ಬಾಟಲಿ ಇತ್ತು. ಎತ್ತಿ ನೋಡಿದೆ. ಬೆಳಿಗ್ಗೆ ತುಂಬಿಸಿದ ನೀರು ಮಧ್ಯಾಹ್ನ ಒಂದೂವರೆಗೂ ಹಾಗೇ ಇತ್ತು, ಬಿಸಿಯಾಗಿ. ಜೊತೆಗೆ ಬಂದಿದ್ದ ಹಿರಿಯ ಹೆಣ್ಣುಮಗಳು ಬಾಯಿಬಿಟ್ಟರು. ‘ಆಕೀನ್ಯಾಕ ಬೈತೀರಿ ಮೇಡಮ್ಮಾರ? ನೀರು ಕುಡದ್ರ ಒಂದಕ್ಕ ಎಲ್ಲಿಗೆ ಹೋಗ್ಬೇಕ್ರಿ? ಗಂಡಸ್ರು ಗ್ವಾಡಿ ನೋಡ್ಕೋತಾರ.’

ನಸುಕಿನ ಐದಕ್ಕೆ ಅರ್ಧ ಕಪ್ ಚಹಾ. ಆರಕ್ಕೆ ಹಾಜರಿ. ಆಮೇಲೆ ಮನೆ ಸೇರುವ ತನಕ ಗಂಟಲು ಒದ್ದೆಯಾಗುವಷ್ಟೇ ನೀರು. ಆಕೆ ಗುಡಿಸುವ ರಸ್ತೆಯುದ್ದಕ್ಕೂ ಹೆಂಗಸರು ಹೋಗುವಂಥ ಒಂದು ಶೌಚಾಲಯವೂ ಅಷ್ಟು ಬೇಗ ತೆರೆದಿರುತ್ತಿರಲಿಲ್ಲ. ಮುಟ್ಟಿನ ದಿನಗಳಲ್ಲಿ ಏನು ಮಾಡುತ್ತೀರಿ ಅಂತ ಕೇಳಿದೆ. ಇಬ್ಬರೂ ಸುಮ್ಮನಾದರು.

ಅಧಿಕಾರಿಗಳು ಪದೇ ಪದೇ ತಪ್ಪು ತಿಳಿಯುವುದು ಇಲ್ಲೇ. ‘ಅವರಿಗೆ ತಿಳಿವಳಿಕೆ ಕಡಿಮೆ ಮೇಡಂ, ಸ್ವಲ್ಪ ತಿಳಿಸಿ ಹೇಳಿ’ ಅನ್ನುತ್ತಾರೆ. ತಿಳಿವಳಿಕೆ ಕಡಿಮೆ ಇಲ್ಲ. ನೀರು ಕುಡಿಯಬೇಕು ಅನ್ನುವುದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತು. ಕುಡಿದ ಮೇಲೆ ಏನಾಗುತ್ತದೆ ಅನ್ನುವುದೂ ಗೊತ್ತು. ಅದಕ್ಕೇ ಕುಡಿಯುವುದಿಲ್ಲ. ಬೇಕಂತಲೇ ನೀರಡಿಕೆ ತಡೆದುಕೊಳ್ಳುತ್ತಿರುವವರಿಗೆ ನೀರಿನ ಬಗ್ಗೆ ಭಾಷಣ ಮಾಡಿ ಏನು ಬಂತು? ಬಾಟಲಿ ಹಂಚಿದರೂ ಅಷ್ಟೇ, ಟೋಪಿ ಹಂಚಿದರೂ ಅಷ್ಟೇ.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ಬಿಸಿಲಿನಲ್ಲಿ ಮೈಮುರಿದು ದುಡಿಯುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ನೀರು ಕುಡಿಯಬೇಕು. ನೀರಡಿಕೆ ಆಗಲಿ ಅಂತ ಕಾದರೆ ತಡವಾಗಿರುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ, ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಗಂಟೆಗಟ್ಟಲೆ ತಡೆದರೆ ಸೋಂಕಿಗೆ ದಾರಿ. ಹೆಣ್ಣುಮಕ್ಕಳಿಗೆ ಮೂತ್ರನಾಳ ಚಿಕ್ಕದು, ಸೋಂಕು ಬೇಗ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಸುಲಭ. ಕಿಡ್ನಿಯಲ್ಲಿ ಕಲ್ಲಾಗುವುದಕ್ಕೂ ನೀರಿನ ಕೊರತೆ ಒಂದು ಕಾರಣ.

ನನಗೆ ಹೆಚ್ಚು ಭಯ ಇರುವುದು ನೋವಿನ ಮಾತ್ರೆಯದು. ಬಗ್ಗಿ ಗುಡಿಸಿ ಗುಡಿಸಿ ಸೊಂಟ ಹಿಡಿಯುತ್ತದೆ. ಅಂಗಡಿಯಲ್ಲಿ ಒಂದು ಮಾತ್ರೆ ಕೇಳಿ ನುಂಗುತ್ತಾರೆ, ಮತ್ತೆ ಕೆಲಸ. ಮೈಯಲ್ಲಿ ನೀರು ಬತ್ತಿದಾಗ ಡೈಕ್ಲೊಫೆನಾಕ್‌ನಂಥ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಹುದು. ಒಂದು ಮಾತ್ರೆಗೇ ಕಿಡ್ನಿ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ದಿನಾ ನುಂಗಿದರೆ, ಅದೂ ನೀರಿಲ್ಲದೆ, ಅಪಾಯ ಜಾಸ್ತಿ. ಕ್ಯಾಂಪಿನಲ್ಲಿ ಬಿಪಿ, ಶುಗರ್ ಬರೆದುಕೊಳ್ಳುತ್ತೇವೆ. ನೋವಿಗೆ ಏನು ತಗೋತೀರವ್ವ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು.

ಓಆರ್‌ಎಸ್ ಪೊಟ್ಟಣದ ಮಾತನ್ನೂ ಹೇಳಿಬಿಡುತ್ತೇನೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಅರ್ಧ ಸುರಿದರೆ ಉಪ್ಪು ಅತಿಯಾಗುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ದಿನಾ ಕುಡಿಯುವ ಮುಂಚೆ ತಮ್ಮ ವೈದ್ಯರನ್ನು ಕೇಳಲಿ. ಬಿಸಿಲಿನಲ್ಲಿ ಯಾರಾದರೂ ಏನೇನೋ ಮಾತಾಡತೊಡಗಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಬಿಡಬೇಡಿ.

ಇಷ್ಟಕ್ಕೂ ದೊಡ್ಡ ಖರ್ಚಿನ ಕೆಲಸ ಬೇಕಿಲ್ಲ. ಒಂದು ಪಟ್ಟಣದಲ್ಲಿ ಆರೋಗ್ಯ ನಿರೀಕ್ಷಕರೊಬ್ಬರು ನನ್ನ ಮಾತು ಕೇಳಿ ಎರಡು ದಿನ ಬೆಳಿಗ್ಗೆ ಆರಕ್ಕೆ ತಾವೇ ವಾರ್ಡು ಸುತ್ತಿದರು. ಹತ್ತಕ್ಕೆ ತೆರೆಯುವ ಕಚೇರಿಯ ಶೌಚಾಲಯ ಸಿಕ್ಕಿತು. ಕೀಲಿ ಜವಾನನ ಹತ್ತಿರ ಇರುತ್ತಿತ್ತು. ಇನ್ನೊಂದು ಕೀಲಿ ಮಾಡಿಸಿ ಹೆಣ್ಣುಮಕ್ಕಳ ಕೈಗೇ ಕೊಟ್ಟರು. ದುಡ್ಡು ಕೊಟ್ಟು ಹೋಗುವ ಬಸ್ ಸ್ಟ್ಯಾಂಡಿನ ಶೌಚಾಲಯದವರ ಜೊತೆ ಮಾತಾಡಿ ಇವರಿಗೆ ಪುಕ್ಕಟೆ ಮಾಡಿಸಿದರು. ಒಳಗೆ ಬಕೆಟ್, ಚಿಲಕ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಅಷ್ಟೇ. ಉರಿಮೂತ್ರ ಪೂರ್ತಿ ನಿಂತಿತು ಅಂತ ನಾನು ಲೆಕ್ಕ ಇಟ್ಟಿಲ್ಲ. ಆದರೆ ಮುಂದಿನ ಕ್ಯಾಂಪಿನಲ್ಲಿ ಅದೇ ಹಿರಿಯ ಹೆಣ್ಣುಮಗಳು ಸೆರಗಿನ ತುದಿಗೆ ಕಟ್ಟಿದ್ದ ಕೀಲಿ ಬಿಚ್ಚಿ ತೋರಿಸಿದರು. ‘ಈಗ ಕುಡೀತೀವ್ರಿ.’

ಈ ವರ್ಷವೂ ಪತ್ರಗಳು ಬಂದಿವೆ. ಕ್ಯಾಂಪಿಗೆ ಖಂಡಿತ ಬರುತ್ತೇನೆ. ಅದಕ್ಕೆ ಮುಂಚೆ ಎಲ್ಲರಿಗೂ ಒಂದು ಪಟ್ಟಿ ಕಳಿಸಲು ಕೇಳಿದ್ದೇನೆ: ಪ್ರತಿ ವಾರ್ಡಿನಲ್ಲೂ ಬೆಳಿಗ್ಗೆ ಆರಕ್ಕೆ ಹೆಂಗಸರಿಗೆ ತೆರೆದಿರುವ ಶೌಚಾಲಯ ಯಾವುದು, ಅದರ ಕೀಲಿ ಯಾರ ಹತ್ತಿರ ಇದೆ.