ಕತ್ತರಿಗೆ ಮೊದಲು ಡೈಲೇಟರ್

"ಹದಿನಾರು ತುಂಬಿತು ಡಾಕ್ಟ್ರೇ, ಇನ್ನೂ ಮೈನೆರೆದಿಲ್ಲ" ಅಂತ ತಾಯಿ ಮಗಳನ್ನು ಕರೆದುಕೊಂಡು ಬರುತ್ತಾರೆ. ಬೆಳವಣಿಗೆಯೆಲ್ಲ ವಯಸ್ಸಿಗೆ ತಕ್ಕಂತೆ ಇದೆ. ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯ ಚೆನ್ನಾಗಿವೆ, ಗರ್ಭಕೋಶ ಮಾತ್ರ ಇಲ್ಲ. ಯೋನಿಯ ಜಾಗದಲ್ಲಿ ಸಣ್ಣ ಗುಳಿ ಅಷ್ಟೇ. ಇದನ್ನು ಎಂ.ಆರ್.ಕೆ.ಎಚ್. ಸಿಂಡ್ರೋಮ್ ಅನ್ನುತ್ತೇವೆ. ಸುಮಾರು 5000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಹೀಗಿರುತ್ತದೆ.

ತಾಯಿ ಕೇಳುವುದು "ಮದುವೆ ಮಾಡಬಹುದಾ? ಆಪರೇಷನ್ ಯಾವಾಗ?" ಅಂತ. ಹುಡುಗಿ ಬಾಯಿ ಬಿಡುವುದು ಅಮ್ಮ ಹೊರಗೆ ಹೋದ ಮೇಲೆ. "ನಾನು ಹುಡುಗೀನೇ ಅಲ್ವಾ?" ಹೌದು. ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತೇವೆ, ಈ ತೊಂದರೆಯಲ್ಲಿ ಅದು 46 ಎಕ್ಸ್‌ಎಕ್ಸ್, ಅಂದರೆ ಹೆಣ್ಣಿನದ್ದು ಅಂತಲೇ ಬರುತ್ತದೆ. ಕಿಡ್ನಿಯನ್ನೂ ನೋಡಬೇಕು, ಒಂದೇ ಕಿಡ್ನಿ ಇರುವವರೂ ಇದ್ದಾರೆ. ಪ್ರತಿ ತಿಂಗಳು ಹೊಟ್ಟೆನೋವು ಬರುತ್ತಿದ್ದರೆ ಕಥೆ ಬೇರೆ. ಒಳಗೆ ರಕ್ತ ಕಟ್ಟಿಕೊಂಡಿರಬಹುದು, ಅದಕ್ಕೆ ಆಪರೇಷನ್ನೇ ಬೇಕಾಗಬಹುದು.

ಎಂ.ಆರ್.ಕೆ.ಎಚ್. ಇರುವವರಿಗೆ ಆ ಗುಳಿಯನ್ನೇ ಹಿಗ್ಗಿಸಿ ಯೋನಿ ಮಾಡಲು ಮೊದಲ ಚಿಕಿತ್ಸೆ ಡೈಲೇಟರ್. ಬೆರಳಿನಂಥ ನುಣುಪು ಕಡ್ಡಿಗಳು, ಒಂದಕ್ಕಿಂತ ಒಂದು ದಪ್ಪ, ಉದ್ದ. ನಮ್ಮ ಅಜ್ಜಿಯರು ಭಾರದ ಓಲೆ ಹಾಕಿ ಹಾಕಿ ಕಿವಿಯ ತೂತು ಹಿಗ್ಗುತ್ತಿತ್ತಲ್ಲ, ಲೆಕ್ಕ ಅದೇ. ಅಮೆರಿಕದ ಡಾಕ್ಟರ್ ಫ್ರಾಂಕ್ 1938ರಲ್ಲೇ ಇದನ್ನು ಬರೆದರು. 1981ರಲ್ಲಿ ಇಂಗ್ರಾಮ್ ಎಂಬವರು ಸೈಕಲ್ ಸೀಟಿನ ಸ್ಟೂಲ್ ಮೇಲೆ ಕೂತು, ಮೈಭಾರದಿಂದಲೇ ಒತ್ತಡ ಬರುವ ಹಾಗೆ ಮಾಡಿದರು.

ಜೆಲ್ ಹಚ್ಚಿ, ಗುಳಿಗೆ ಇಟ್ಟು, ಬೆನ್ನಿನ ಬುಡದ ಕಡೆಗೆ ಹದವಾಗಿ ಒತ್ತಿ ಹಿಡಿಯಬೇಕು. ಮೂತ್ರದ ದಾರಿ ಮುಂದೆ ಇರುತ್ತದೆ, ಆ ಕಡೆ ಬೇಡ. ಹತ್ತಿಪ್ಪತ್ತು ನಿಮಿಷ, ದಿನಕ್ಕೆ ಒಂದೆರಡು ಸಲ. ಬಿಗಿತ ಗೊತ್ತಾಗಬೇಕು, ನೋವಾಗಬಾರದು. ಮೊದಲ ಸಲ ಕನ್ನಡಿ ಹಿಡಿದು ನಾವೇ ತೋರಿಸಿಕೊಡುತ್ತೇವೆ. ಕೆಲವು ತಿಂಗಳು ಬಿಡದೆ ಮಾಡಿದರೆ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನರಿಗೆ ದಾಂಪತ್ಯಕ್ಕೆ ಸಾಕಾಗುವಷ್ಟು ಜಾಗ ಆಗುತ್ತದೆ.

ಆಪರೇಷನ್ ಮಾಡಿಸಿದರೂ ಆಮೇಲೆ ಡೈಲೇಟರ್ ತಪ್ಪುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ನನಗೆ ಸಿಟ್ಟು ಬರುತ್ತದೆ. ಎಲ್ಲೋ ಅವಸರದಲ್ಲಿ ಆಪರೇಷನ್ ಆಗಿ, ಮತ್ತೆ ಮುಚ್ಚಿಕೊಂಡು, ಗಾಯದ ಗಂಟಿನ ಜೊತೆ ಬಂದವರನ್ನು ನೋಡಿದ್ದೇನೆ. ಆಗ ಹಿಗ್ಗಿಸುವುದು ಕಷ್ಟ.

ಮಕ್ಕಳ ವಿಷಯ ಬೇರೆ. ಡೈಲೇಟರ್‌ನಿಂದ ಗರ್ಭಕೋಶ ಬರುವುದಿಲ್ಲ. ಅಂಡಾಣು ಅವರದ್ದೇ ಇರುವುದರಿಂದ ಬಾಡಿಗೆ ತಾಯ್ತನಕ್ಕೆ ದಾರಿ ಇದೆ. ಸ್ವೀಡನ್‌ನಲ್ಲಿ 2014ರಲ್ಲಿ, ಕಸಿ ಮಾಡಿದ ಗರ್ಭಕೋಶದಿಂದ ಇಂಥ ಒಬ್ಬರಿಗೇ ಮಗು ಹುಟ್ಟಿತು.

ಯಾವಾಗ ಶುರು ಮಾಡಬೇಕು? ಅವಳು ಹೇಳಿದಾಗ. ಮದುವೆ ಗೊತ್ತಾಗಿದೆ ಅಂತ ಅಮ್ಮ ಒತ್ತಾಯ ಮಾಡಿದರೆ ಡೈಲೇಟರ್ ಡಬ್ಬಿ ಬೀರುವಿನಲ್ಲೇ ಉಳಿಯುತ್ತದೆ. ಇಪ್ಪತ್ತು ದಾಟಿದ ಒಬ್ಬಳು ಎರಡೇ ವಾರಕ್ಕೆ ಬಿಟ್ಟಳು. ಮನಸ್ಸಿಲ್ಲ ಅಂದುಕೊಂಡೆ. ಕೇಳಿದರೆ, "ಹಾಸ್ಟೆಲ್ ರೂಮಲ್ಲಿ ಮೂವರಿದ್ದೀವಿ, ಬಾತ್‌ರೂಮಿನ ಚಿಲಕ ಸರಿಯಿಲ್ಲ" ಅಂದಳು. ಸುಮ್ನೆ ಬೈದಿದ್ದೆ. ಕೆಲಸ ಸಿಕ್ಕಿ, ಬಾಡಿಗೆ ರೂಮು ಹಿಡಿದ ಮೇಲೆ ಅವಳೇ ಬಂದಳು. "ಈಗ ಚಿಲಕ ಗಟ್ಟಿ ಇದೆ. ಶುರು ಮಾಡೋಣ್ವಾ?"