ಐಕಾನ್ ಇದೆ ಸರಿ, ಲೆಕ್ಕ ಎಲ್ಲಿದೆ?

ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಲು ನಮ್ಮ ಅಂಗಡಿಗೆ ಬರುವವರನ್ನು ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಡೇಟಾ ಎಲ್ಲಿದೆ? ಹೆಚ್ಚಿನವರು ಡೆಸ್ಕ್‌ಟಾಪ್ ಮೇಲಿನ ಐಕಾನಿಗೆ ಬೆರಳು ಇಡುತ್ತಾರೆ. 'ಇಲ್ಲೇ ಇದೆಯಲ್ಲ!' ಅಲ್ಲಿರುವುದು ಐಕಾನ್ ಮಾತ್ರ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಹಿಂದೆ ಈ ಉತ್ತರ ನಡೆಯುತ್ತಿತ್ತು. ಸಿ.ಡಿ. ಹಾಕಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುತ್ತಿದ್ದೆವು. ಡೇಟಾದ ಫೋಲ್ಡರ್ ಕಣ್ಣಿಗೆ ಕಾಣುತ್ತಿತ್ತು, ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡರೆ ಮುಗೀತು. 2004ರಲ್ಲಿ ಜಿಮೇಲ್, 2006ರಲ್ಲಿ ಗೂಗಲ್ ಡಾಕ್ಸ್ ಬಂದ ಮೇಲೆ ಬ್ರೌಸರಿನೊಳಗೇ ಕೆಲಸ ಶುರುವಾಯಿತು. ಈಗ ಕ್ರೋಮ್, ಎಡ್ಜ್‌ಗಳಲ್ಲಿ ವೆಬ್‌ಸೈಟನ್ನೇ ಇನ್‌ಸ್ಟಾಲ್ ಮಾಡಬಹುದು, ಇಂಥದ್ದನ್ನೇ ನಾನು ವೆಬ್ ಆ್ಯಪ್ ಎನ್ನುವುದು. ಐಕಾನ್ ಬರುತ್ತದೆ, ಸ್ಟಾರ್ಟ್ ಮೆನುವಿನಲ್ಲಿ ಹೆಸರು ಬರುತ್ತದೆ, ಅಡ್ರೆಸ್ ಬಾರ್ ಇಲ್ಲದ ಸ್ವಂತ ವಿಂಡೋ ತೆರೆಯುತ್ತದೆ. ಒಳಗೆ ಓಡುತ್ತಿರುವುದು ಅದೇ ಬ್ರೌಸರ್. ಇನ್ನೊಂದು ಕಡೆ, ಗಿಟ್‌ಹಬ್ ಕಂಪನಿ 2013ರಲ್ಲಿ ಶುರು ಮಾಡಿದ ಎಲೆಕ್ಟ್ರಾನ್ ಇದೆ, ವೆಬ್‌ಸೈಟ್ ಮಾಡುವ ರೀತಿಯಲ್ಲೇ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಕಟ್ಟುವ ಸಲಕರಣೆ ಅದು. ಪ್ರೋಗ್ರಾಮ್ ಬರೆಯುವ ವಿಎಸ್ ಕೋಡ್, ಕಚೇರಿಯವರು ಚಾಟ್ ಮಾಡುವ ಸ್ಲ್ಯಾಕ್ ಥರದ ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗಳನ್ನು ಕಟ್ಟಿದ್ದು ಅದರಿಂದ. ಅವು ಒಂದೊಂದೂ ತಮ್ಮೊಳಗೆ ಕ್ರೋಮ್‌ಗೆ ಮೂಲವಾದ ಇಡೀ ಕ್ರೋಮಿಯಂ ಬ್ರೌಸರನ್ನೇ ಹೊತ್ತುಕೊಂಡು ಬರುತ್ತವೆ. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡಲು ಇದೂ ಒಂದು ಕಾರಣ.

ಇವೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್ಟೂ ಹೋಗುತ್ತದೆ. ಆಗ ನೆಟ್ ಇಲ್ಲದೆಯೂ ತೆರೆದುಕೊಳ್ಳುವ ವೆಬ್ ಆ್ಯಪ್ ದೊಡ್ಡ ಉಪಕಾರ. ಆದರೆ ಜನ ತಪ್ಪು ತಿಳಿಯುವುದೂ ಇಲ್ಲೇ. ನೆಟ್ ಇಲ್ಲದೆ ತೆರೆಯಿತು ಎಂದರೆ ಡೇಟಾ ಭದ್ರವಾಗಿದೆ ಅಂತ ಅರ್ಥವಲ್ಲ.

ನಮ್ಮ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ರಾಶಿ, ಚಾಲಿ, ಬೆಟ್ಟೆ ಎಲ್ಲದರ ಲೆಕ್ಕವನ್ನೂ ಇಂಥದೇ ಒಂದು ಆ್ಯಪ್‌ನಲ್ಲಿ ಬರೆಯುತ್ತಿದ್ದರು. ಲಾಗಿನ್ ಕೇಳುತ್ತಿರಲಿಲ್ಲ, ಅದೇ ಅವರಿಗೆ ಇಷ್ಟ. ಮನೆಯ ಹುಡುಗ ಕಂಪ್ಯೂಟರ್ ಸ್ಲೋ ಆಗಿದೆ ಎಂದು ಬ್ರೌಸರ್ ಹಿಸ್ಟರಿ ಅಳಿಸಿದ. ಮರುದಿನ ಬೆಳಿಗ್ಗೆ ಫೋನ್ ಬಂತು. 'ತಮಾ, ಐಕಾನ್ ಇಲ್ಲೇ ಇದ್ದಲ, ಲೆಕ್ಕ ಎಲ್ಲಿ ಹೋತು?' ಆ ಮಾತು ಕೇಳಿ ನನಗೂ ಹೊಟ್ಟೆ ಚುರ್ ಅಂದಿತು. ವಾಪಸ್ ತರಲು ಆಗಲಿಲ್ಲ.

ಹೋದದ್ದು ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಸ್ಟರಿ ಅಳಿಸುವ ಪುಟ್ಟ ವಿಂಡೋದಲ್ಲಿ ಟಿಕ್ ಹಾಕುವ ಚೌಕಗಳಿವೆ. ಕ್ಯಾಶ್ ಮಾಡಿದ ಚಿತ್ರ, ಫೈಲುಗಳದ್ದು ಒಂದು. ಅದನ್ನು ಅಳಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಪುಟ ತೆರೆಯಲು ತುಸು ತಡವಾಗಬಹುದು ಅಷ್ಟೆ. ಕುಕೀಸ್ ಮತ್ತು ಇತರ ಸೈಟ್ ಡೇಟಾ ಎನ್ನುವುದು ಇನ್ನೊಂದು. ಈ 'ಇತರ' ಎನ್ನುವುದರೊಳಗೇ ನಿಮ್ಮ ಲೆಕ್ಕ ಕೂತಿರಬಹುದು. ಬ್ರೌಸರ್ ತನ್ನ ಪ್ರೊಫೈಲ್ ಫೋಲ್ಡರಿನಲ್ಲಿ ಪ್ರತಿ ಸೈಟಿಗೂ ಜಾಗ ಕೊಡುತ್ತದೆ. ಸರ್ವರ್‌ಗೆ, ಅಂದರೆ ನೆಟ್‌ನ ಆಚೆ ಇರುವ ಆ್ಯಪ್‌ನವರ ಕಂಪ್ಯೂಟರಿಗೆ, ಕಳಿಸದ ಆ್ಯಪ್ ಎಲ್ಲವನ್ನೂ ಅಲ್ಲೇ ಇಡುತ್ತದೆ. ಡಿಸ್ಕ್ ತುಂಬಿದಾಗ ಬ್ರೌಸರ್ ತಾನಾಗಿಯೇ ಆ ಜಾಗ ಖಾಲಿ ಮಾಡುವ ಸಾಧ್ಯತೆಯೂ ಇದೆ. ಕ್ರೋಮ್‌ನಲ್ಲಿ ಇಂಥ ಆ್ಯಪ್ ತೆಗೆಯುವಾಗಲೂ ಡೇಟಾ ಅಳಿಸಲೇ ಎಂದು ಕೇಳುವ ಚೌಕ ಬರುತ್ತದೆ. ಓದದೆ ಟಿಕ್ ಹಾಕಬೇಡಿ.

ನಿಮ್ಮದು ಯಾವ ಬಗೆ ಎಂದು ತಿಳಿಯಬೇಕಾ? ಅದೇ ಆ್ಯಪನ್ನು ಮೊಬೈಲಿನಲ್ಲೋ ಬೇರೆ ಕಂಪ್ಯೂಟರಿನಲ್ಲೋ ತೆರೆಯಿರಿ. ಲಾಗಿನ್ ಆದ ಮೇಲೆ ನಿನ್ನೆ ಬರೆದ ಲೆಕ್ಕ ಅಲ್ಲೂ ಕಂಡರೆ ಅದು ಸರ್ವರ್‌ನಲ್ಲಿದೆ. ಹಾಗಿದ್ದರೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರೂ ಅಷ್ಟು ಗಾಬರಿ ಬೇಡ. ಪಾಸ್‌ವರ್ಡ್ ಮಾತ್ರ ಮರೆಯಬೇಡಿ. ಕಾಣದಿದ್ದರೆ, ಅಥವಾ ಲಾಗಿನ್ನೇ ಇಲ್ಲದಿದ್ದರೆ, ಅದು ಈ ಒಂದು ಕಂಪ್ಯೂಟರಿನ ಈ ಒಂದು ಬ್ರೌಸರಿನಲ್ಲಿ ಮಾತ್ರ ಇದೆ ಎಂದೇ ಇಟ್ಟುಕೊಳ್ಳಿ. ಎಕ್ಸ್‌ಪೋರ್ಟ್ ಅಥವಾ ಬ್ಯಾಕಪ್ ಎಂಬ ಬಟನ್ ಹುಡುಕಿ, ಬಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದೂ ನೋಡಿ. ಅಂಥ ಬಟನ್ನೇ ಇಲ್ಲ ಎಂದಾದರೆ ವ್ಯಾಪಾರದ ಲೆಕ್ಕವನ್ನು ಅದರಲ್ಲಿ ಬರೆಯಬೇಡಿ. ಈಗಾಗಲೇ ಬರೆದಿದ್ದರೆ ಏನನ್ನೂ ಅಳಿಸದೆ, ಕಂಪ್ಯೂಟರನ್ನು ಇದ್ದ ಹಾಗೇ ತನ್ನಿ.